ಬೋಲ್ಟು ಮುಟ್ಟದ ಎಂಜಿನಿಯರ್

ಪ್ರಶ್ನೆ: ಮೆಕ್ಯಾನಿಕಲ್ ಓದಿದ ನನ್ನ ಮಗಳು ಬೆಂಗಳೂರಿನಲ್ಲಿ ಉಪಗ್ರಹ ತಯಾರಿಸುವ ಖಾಸಗಿ ಕಂಪನಿಯೊಂದರಲ್ಲಿ ಸಿಸ್ಟಮ್ಸ್ ಎಂಜಿನಿಯರ್. ಸೇರಿ ಆರು ತಿಂಗಳಾದರೂ ಒಂದು ಬೋಲ್ಟು ಮುಟ್ಟಿಲ್ಲವಂತೆ. ಬರೀ ಸಭೆ, ಎಕ್ಸೆಲ್ ಹಾಳೆ. ಕಲಿತದ್ದೆಲ್ಲ ಮರೆತುಹೋಗುತ್ತಿದೆ ಎಂದು ಫೋನಿನಲ್ಲಿ ಅಳುತ್ತಾಳೆ. ಕೆಲಸ ಬಿಡಿಸಲೇ?
— ಓದುಗರೊಬ್ಬರು, ಚಳ್ಳಕೆರೆ

ಉತ್ತರ: ಬಿಡಿಸಬೇಡಿ. ಇದೇ ಕೆಲಸದಲ್ಲಿ ತಲೆ ಹಣ್ಣಾದವನು ನಾನು. ಮೊದಲ ವರ್ಷ ನನ್ನದೂ ಇದೇ ಗೋಳು.

ಆ ಎಕ್ಸೆಲ್ ಹಾಳೆಯಲ್ಲಿ ಇರುವುದು ತೂಕದ ಲೆಕ್ಕ, ವಿದ್ಯುತ್ತಿನ ಲೆಕ್ಕ. ಬ್ಯಾಟರಿಯವರು ಹನ್ನೆರಡು ಕಿಲೋ ಬೇಕು ಎಂದರೆ ಅದರಲ್ಲಿ ಅರ್ಧ ಕಿಲೋ ಬಚ್ಚಿಟ್ಟ ಗಂಟು. ಆಂಟೆನಾದವರದೂ ಹಾಗೆಯೇ. ಯಾರ ಗಂಟು ಎಷ್ಟೆಂದು ತಿಳಿದು, ಜಗಳವಾಗದಂತೆ ಬಿಚ್ಚಿಸುವುದು ಸಣ್ಣ ವಿದ್ಯೆಯಲ್ಲ.

ಉದಾಹರಣೆ ನಿಮ್ಮೂರ ಬಳಿಯೇ ಇದೆ. ಉಳ್ಳಾರ್ತಿ ಕಾವಲಿನಲ್ಲಿ ಇಸ್ರೋ ಚಂದ್ರನ ಮೇಲಿರುವಂತಹ ಕುಳಿಗಳನ್ನು ತೋಡಿಸಿ ಲ್ಯಾಂಡರ್‌ನ ಸೆನ್ಸರ್‌ಗಳನ್ನು ಪರೀಕ್ಷಿಸಿತ್ತು. 2019ರಲ್ಲಿ ಚಂದ್ರಯಾನ-2ರ ಲ್ಯಾಂಡರ್ ವಿಕ್ರಮ್ ಬಿದ್ದ ಮೇಲೆ ಚಂದ್ರಯಾನ-3ಕ್ಕೆ ಕಾಲುಗಳನ್ನು ಗಟ್ಟಿ ಮಾಡಿದರು, ಇಂಧನ ಹೆಚ್ಚಿಸಿದರು, ಐದು ಎಂಜಿನ್‌ಗಳಲ್ಲಿ ನಡುವಿನದನ್ನು ತೆಗೆದರು. ಇಳಿಯುವ ಜಾಗವನ್ನು ಅರ್ಧ ಕಿಲೋಮೀಟರ್ ಚೌಕದಿಂದ 4 ಕಿ.ಮೀ. ಉದ್ದ, 2.4 ಕಿ.ಮೀ. ಅಗಲಕ್ಕೆ ಹಿಗ್ಗಿಸಿದರು. ಕಾಲು ಗಟ್ಟಿಯಾದರೆ ತೂಕ ಏರುತ್ತದೆ, ತೂಕ ಏರಿದರೆ ಇಂಧನ ಬೇಕು, ಇಂಧನಕ್ಕೂ ತೂಕವಿದೆ. ಈ ಸುತ್ತನ್ನು ಎಲ್ಲಿ ನಿಲ್ಲಿಸಬೇಕೆಂದು ಕಾಲಿನವರೂ ಹೇಳಲಾರರು, ಎಂಜಿನ್ನಿನವರೂ ಹೇಳಲಾರರು. ಎರಡನ್ನೂ ಒಟ್ಟಿಗೆ ನೋಡುವವರು ಬೇಕು.

ಇನ್ನು ಸಭೆಗಳು. ನನ್ನದೇ ತಪ್ಪೊಂದನ್ನು ಹೇಳುತ್ತೇನೆ. ಒಂದು ಕನೆಕ್ಟರ್‌ಗೆ ಎರಡು ಗುಂಪುಗಳ ಎರಡು ನಕ್ಷೆಗಳಿದ್ದವು. ಒಬ್ಬರು ಅದನ್ನು ಮುಂದಿನಿಂದ ನೋಡಿ ಬರೆದಿದ್ದರು, ಇನ್ನೊಬ್ಬರು ತಂತಿ ಬೆಸೆಯುವ ಹಿಂಬದಿಯಿಂದ. ಎರಡೂ ಸರಿ, ಆದರೆ ಪಿನ್‌ಗಳ ಸಾಲು ಕನ್ನಡಿಯಲ್ಲಿ ಕಂಡಂತೆ ತಿರುವುಮುರುವು. ಮೂರನೆಯ ಸಹಿ ನನ್ನದು. ‘ಯಾವ ಕಡೆಯಿಂದ ನೋಡಿದ್ದು?’ ಎಂದು ನಾನು ಕೇಳಲಿಲ್ಲ. ವಿದ್ಯುತ್ ಕೊಡುವ ಮುನ್ನ ತಂತ್ರಜ್ಞರೊಬ್ಬರು ಮಲ್ಟಿಮೀಟರ್ ಹಿಡಿದು ಪಿನ್ ಪಿನ್ನೂ ನೋಡುವಾಗ ಸಿಕ್ಕಿಬಿತ್ತು. ಇಲ್ಲವಾದರೆ ದತ್ತಾಂಶದ ತಂತಿಗೆ 28 ವೋಲ್ಟ್ ಹರಿದು ಪೆಟ್ಟಿಗೆಯೇ ಸುಟ್ಟುಹೋಗುತ್ತಿತ್ತು. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್‌ಗೆ ಅಂಥ ಅದೃಷ್ಟವಿರಲಿಲ್ಲ. ನೌಕೆಯನ್ನು ತಳ್ಳುವ ಬಲದ ಲೆಕ್ಕ ಒಂದು ತಂಡದ್ದು ಪೌಂಡಿನಲ್ಲಿ, ಇನ್ನೊಂದರದು ನ್ಯೂಟನ್ನಿನಲ್ಲಿ. 1999ರ ಸೆಪ್ಟೆಂಬರ್‌ನಲ್ಲಿ ಮಂಗಳದ ಬಳಿ ನೌಕೆಯೇ ಕೈತಪ್ಪಿತು.

ಆದರೂ ಬೋಲ್ಟು ಮುಟ್ಟಬೇಕೆಂಬ ಅವಳ ಆಸೆ ಸರಿಯಾದದ್ದೇ. ಕೈ ಮಸಿಯಾಗದ ಸಿಸ್ಟಮ್ಸ್ ಎಂಜಿನಿಯರನ್ನು ಲ್ಯಾಬಿನವರು ನಂಬುವುದಿಲ್ಲ, ನಾನೂ ನಂಬುವುದಿಲ್ಲ. ಉಪಗ್ರಹವನ್ನು ನಿರ್ವಾತ ಕೋಣೆಯಲ್ಲಿಟ್ಟು ಬಿಸಿಮಾಡಿ ತಣಿಸುವ ಥರ್ಮೋವ್ಯಾಕ್ ಪರೀಕ್ಷೆ ದಿನಗಟ್ಟಲೆ, ಹಗಲೂ ರಾತ್ರಿ ನಡೆಯುತ್ತದೆ. ರಾತ್ರಿ ಪಾಳಿಗೆ ಬರುವವರು ಕಡಿಮೆ. ತಾನು ಬರುತ್ತೇನೆಂದು ಅವಳೇ ಮುಂದಾಗಿ ಹೇಳಲಿ. ಆ ಹೊತ್ತಿನಲ್ಲಿ ಹಳೆಯ ತಂತ್ರಜ್ಞರು ಹಗಲಿನಲ್ಲಿ ಹೇಳದ್ದನ್ನೆಲ್ಲ ಹೇಳಿಕೊಡುತ್ತಾರೆ. ಒಂದು ಸ್ವೆಟರ್ ಕಳುಹಿಸಿಕೊಡಿ, ಅಲ್ಲಿಯ ಎಸಿ ವಿಪರೀತ.