ಹಳೆಯ ಸ್ಪೋರ್ಟ್ಸ್ ಕಾರಿನ ಡ್ಯಾಶ್‌ಬೋರ್ಡ್ ಎಚ್ಚರಿಕೆ ದೀಪಗಳಿಗೆ ಎಲ್‌ಇಡಿ ಹಾಕಬಹುದೇ?

ಹಾಕಬಹುದು. ಆದರೆ ಬ್ಯಾಟರಿ ಚಾರ್ಜಿಂಗ್ ತಿಳಿಸುವ ಕೆಂಪು ದೀಪಕ್ಕೆ ಮಾತ್ರ ದಯವಿಟ್ಟು ಹಾಕಬೇಡಿ. ಆಲ್ಟರ್ನೇಟರ್ (ಬ್ಯಾಟರಿಯನ್ನು ಚಾರ್ಜ್ ಮಾಡುವ ವಿದ್ಯುತ್ ಉತ್ಪಾದಕ) ಇರುವ ಹಳೆಯ ಕಾರುಗಳಲ್ಲಿ ಅದು ಬರೀ ಸೂಚಕವಲ್ಲ. ಅದರ ತಂತುವಿನ ಮೂಲಕ ಹರಿಯುವ ವಿದ್ಯುತ್ತೇ ಆಲ್ಟರ್ನೇಟರ್‌ನ ತಿರುಗುವ ಭಾಗವಾದ ರೋಟರ್‌ನಲ್ಲಿ ಮೊದಲ ಕಾಂತಕ್ಷೇತ್ರವನ್ನು ಎಬ್ಬಿಸುತ್ತದೆ. 12 ವೋಲ್ಟ್, 2.2 ವ್ಯಾಟ್ ಬಲ್ಬ್ ಸುಮಾರು 180 ಮಿಲಿಆಂಪಿಯರ್ ಹರಿಯಲು ಬಿಡುತ್ತದೆ. ಸಣ್ಣ ಎಲ್‌ಇಡಿ ಬಿಡುವುದು ಅದರ ಒಂದಂಶ ಮಾತ್ರ. ಆಗ ಎಂಜಿನ್ ಓಡುತ್ತಿದ್ದರೂ ಚಾರ್ಜಿಂಗ್ ಆರಂಭವಾಗದೇ ಇರಬಹುದು. ಈ ಬಲ್ಬ್ ಸುಟ್ಟುಹೋದರೂ ಇದೇ ಪಾಡು. ಹಾಗಾಗಿ ಅಷ್ಟೇ ವ್ಯಾಟ್‌ನ ತಂತು ಬಲ್ಬ್ ಒಂದನ್ನು ಕಾರಿನಲ್ಲಿ ಸದಾ ಇಟ್ಟುಕೊಳ್ಳಿ.

ಉಳಿದವುಗಳಿಗೆ ಗಾಜಿನ ಬಣ್ಣದ್ದೇ ಎಲ್‌ಇಡಿ ಆರಿಸಿ: ಕೆಂಪು ಗಾಜಿನ ಹಿಂದೆ ಬಿಳಿ ಎಲ್‌ಇಡಿ ಮಂಕಾಗಿ ಕಾಣುತ್ತದೆ. ಧ್ರುವತೆಯನ್ನೂ ನೋಡಿ, 1967ಕ್ಕಿಂತ ಹಿಂದಿನ ಎಂಜಿಬಿಯಂಥ ಕಾರುಗಳಲ್ಲಿ ಕಾರಿನ ಲೋಹದ ಮೈಗೆ ಜೋಡಿಸಿರುವುದು ಬ್ಯಾಟರಿಯ ಧನ ಧ್ರುವ, ಅಲ್ಲಿ ಸಾಮಾನ್ಯ ಎಲ್‌ಇಡಿ ಬೆಳಗುವುದೇ ಇಲ್ಲ.

ಕೆಲಸಕ್ಕೆ ಮುನ್ನ ಬ್ಯಾಟರಿಯ ಸಂಪರ್ಕ ತಪ್ಪಿಸಿ. ಹೋಲ್ಡರನ್ನು ಹಿಡಿದು ಎಳೆಯಿರಿ, ತಂತಿಯನ್ನಲ್ಲ. ದಶಕಗಳಷ್ಟು ಹಳೆಯ ಬೆಸುಗೆ ಸುಲಭವಾಗಿ ಕಿತ್ತುಬರುತ್ತದೆ.