ಆ ಮೂರು ವರ್ಷ ಏನು ಮಾಡ್ತಿದ್ರಿ ಅಂತ ಕೇಳಿದಾಗ

ಅಮ್ಮನನ್ನು ನೋಡಿಕೊಳ್ಳಲು ಎರಡು ವರ್ಷ ಕೆಲಸ ಬಿಟ್ಟಿದ್ದೀರಿ. ಹಳೆಯ ಕಂಪನಿಯಲ್ಲೇ ಇನ್ನೂ ಒಂದು ವರ್ಷ ಇದ್ದೆ ಅಂತ ರೆಸ್ಯೂಮೆಯಲ್ಲಿ ಹಾಕಿಬಿಡು ಎಂದು ಗೆಳೆಯರು ಹೇಳುತ್ತಿದ್ದಾರೆ, ಹಾಗೆ ಮಾಡಲೇ ಎಂದು ಕೇಳಿದ್ದೀರಿ. ದಯವಿಟ್ಟು ಬೇಡ. ಪಿಎಫ್ ಕಟ್ಟಿದ್ದರೆ ಯಾವ ದಿನ ಸೇರಿದಿರಿ, ಯಾವ ದಿನ ಬಿಟ್ಟಿರಿ ಎಂಬುದು ನಿಮ್ಮ ಯುಎಎನ್ (ಪಿಎಫ್‌ನ ಖಾಯಂ ಸಂಖ್ಯೆ) ಖಾತೆಯಲ್ಲೇ ಇರುತ್ತದೆ. ರಿಲೀವಿಂಗ್ ಲೆಟರ್ ಕೂಡ ಕೇಳುತ್ತಾರೆ. ಆಫರ್ ಬಂದ ಮೇಲೆ ವೆರಿಫಿಕೇಶನ್‌ನಲ್ಲಿ ಸಿಕ್ಕಿಬಿದ್ದರೆ ಕೈಗೆ ಬಂದ ಕೆಲಸ ಹೋಗುತ್ತದೆ, ಸುಳ್ಳುಗಾರರೆಂಬ ಹೆಸರು ಬೇರೆ.

ನಾನು ಅಕೌಂಟೆಂಟ್. 2016ರ ಕೊನೆಯಲ್ಲಿ ಅಪ್ಪನಿಗೆ ಲಕ್ವ ಹೊಡೆಯಿತು. ಬೆಂಗಳೂರಿನ ಕೆಲಸ ಬಿಟ್ಟು ದಾವಣಗೆರೆಗೆ ಹೋದೆ. ಬಿಡುವಾಗ ನಾವು ತಿಂಗಳು ತಿಂಗಳು ತುಂಬುತ್ತಿದ್ದದ್ದು ಆಗಿನ ಮಾರಾಟ ತೆರಿಗೆಯ ವ್ಯಾಟ್ 100 ಫಾರ್ಮು. 2017ರ ಜುಲೈ 1ಕ್ಕೆ ಅದರ ಜಾಗಕ್ಕೆ ಜಿಎಸ್‌ಟಿ ಬಂತು. ಕಲಿತ ವಿದ್ಯೆಯ ಅರ್ಧ ನಾನು ಮನೆಯಲ್ಲಿದ್ದಾಗಲೇ ಹಳತಾಗಿ ಹೋಯಿತು.

2019ರಲ್ಲಿ ಮೊದಲ ಎರಡು ಇಂಟರ್‌ವ್ಯೂಗಳಲ್ಲಿ ಅಪ್ಪನ ಕಾಯಿಲೆ, ಫಿಸಿಯೋಥೆರಪಿ, ರಾತ್ರಿಯೆಲ್ಲ ಎದ್ದಿರುತ್ತಿದ್ದದ್ದು, ಎಲ್ಲ ಹೇಳಿಕೊಂಡೆ. ಗಂಟಲು ಕಟ್ಟಿತು. ಎದುರಿಗಿದ್ದವರೂ ಮರುಗಿದರು, ಆದರೆ ಮತ್ತೆ ಕರೆಯಲಿಲ್ಲ. ಅವರಿಗೆ ತಿಳಿಯಬೇಕಿದ್ದದ್ದು ಒಂದೇ: ಈ ಮನುಷ್ಯನಿಗೆ ಜಿಎಸ್‌ಟಿ ಗೊತ್ತೇ?

ಗೊತ್ತಿತ್ತು! ಅಪ್ಪ ಮಧ್ಯಾಹ್ನ ಮಲಗಿದಾಗ ಪಕ್ಕದ ಬೀದಿಯ ಹಾರ್ಡ್‌ವೇರ್ ಅಂಗಡಿಯ ಬಿಲ್ಲುಗಳನ್ನು ಟ್ಯಾಲಿ ಎಂಬ ಲೆಕ್ಕದ ಸಾಫ್ಟ್‌ವೇರ್‌ಗೆ ಹಾಕಿ, 20ನೇ ತಾರೀಖಿನೊಳಗೆ ಜಿಎಸ್‌ಟಿಯ ತಿಂಗಳ 3ಬಿ ರಿಟರ್ನ್ ಸಲ್ಲಿಸಿಕೊಡುತ್ತಿದ್ದೆ. ಸಂಬಳವಿಲ್ಲದ್ದಕ್ಕೆ ಅದು ಕೆಲಸವೆಂದೇ ನನಗೆ ಅನಿಸಿರಲಿಲ್ಲ. ಮೂರನೆಯ ಕಡೆ ಇಷ್ಟೇ ಹೇಳಿದೆ: "ತಂದೆಯ ಆರೈಕೆಗೆ ಮೂರು ವರ್ಷ ಊರಲ್ಲಿದ್ದೆ. ಅಲ್ಲೇ ಒಂದು ಅಂಗಡಿಯ ಜಿಎಸ್‌ಟಿ ಲೆಕ್ಕ ನೋಡಿಕೊಂಡೆ." ಮುಂದಿನ ಅರ್ಧ ಗಂಟೆ ಇನ್‌ಪುಟ್ ಟ್ಯಾಕ್ಸ್ ಕ್ರೆಡಿಟ್, ಅಂದರೆ ಖರೀದಿಗೆ ಕಟ್ಟಿದ ತೆರಿಗೆಯನ್ನು ವಜಾ ಮಾಡಿಕೊಳ್ಳುವುದರ ಬಗ್ಗೆಯೇ ಮಾತಾಯಿತು. ಕೆಲಸ ಸಿಕ್ಕಿತು.

ನಿಮ್ಮ ಕ್ಷೇತ್ರ ಯಾವುದೆಂದು ಬರೆದಿಲ್ಲ. ಯಾವುದೇ ಇರಲಿ, ಈ ಎರಡು ವರ್ಷದಲ್ಲಿ ಅಲ್ಲಿ ಏನೇನು ಬದಲಾಗಿದೆ ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಿಮಗೆ ಬಾರದ್ದನ್ನು ಈ ವಾರವೇ ಕಲಿಯಲು ಶುರುಮಾಡಿ. ರೆಸ್ಯೂಮೆಯಲ್ಲಿ ಆ ಎರಡು ವರ್ಷಕ್ಕೂ ತಾರೀಖಿನ ಸಮೇತ ಒಂದು ಸಾಲು ಇರಲಿ, "ಕುಟುಂಬದ ಆರೈಕೆ" ಎಂದರೆ ಸಾಕು. ಕಾಯಿಲೆಯ ಹೆಸರು ಹೇಳಬೇಕಿಲ್ಲ.

"ಮತ್ತೆ ಬಿಟ್ಟು ಹೋಗ್ತೀರಾ?" ಎಂದು ನೇರವಾಗಿ ಕೇಳುವವರೂ ಇದ್ದಾರೆ. ಬೇಸರ ಮಾಡಿಕೊಳ್ಳಬೇಡಿ. ಈಗ ಹಗಲು ಹೊತ್ತು ಅಮ್ಮನ ಬಳಿ ಯಾರಿರುತ್ತಾರೆ ಎಂದು ಹೇಳಿ.