ತಾಯಿಯವರೊಂದಿಗೆ ಬೈಲಕುಪ್ಪೆಗೆ: ಅರ್ಧ ದಿನ ಸಾಕೇ?

ಮೈಸೂರಿಗೆ ಬಂದಾಗ ತಾಯಿಯವರನ್ನು ಬೈಲಕುಪ್ಪೆಯ ಟಿಬೆಟನ್ ಬೌದ್ಧರ ಗೋಲ್ಡನ್ ಟೆಂಪಲ್‌ಗೆ ಕರೆದುಕೊಂಡು ಹೋಗಲು ಅರ್ಧ ದಿನ ಸಾಕೇ, ಎದುರಿನ ಅಂಗಡಿಗಳಲ್ಲಿ ಕೊಳ್ಳುವಂಥದ್ದು ಏನಿದೆ ಎಂದು ಕೇಳಿದ್ದೀರಿ. ದಯವಿಟ್ಟು ಇಡೀ ದಿನ ಇಟ್ಟುಕೊಳ್ಳಿ. ಒಂದು ಕಡೆಗೇ ಸುಮಾರು 80 ಕಿಲೋಮೀಟರ್ ದಾರಿ. ಮಡಿಕೇರಿ ಬಸ್ ಹತ್ತಿ ಕುಶಾಲನಗರಕ್ಕೆ ಮೊದಲೇ ಕೊಪ್ಪದಲ್ಲಿ ಇಳಿದರೆ ಆಟೋ ಸಿಗುತ್ತದೆ.

ಒಳಗೆ 60 ಅಡಿಯ ಬುದ್ಧನ ಪ್ರತಿಮೆ, ಅಕ್ಕಪಕ್ಕದಲ್ಲಿ ಟಿಬೆಟ್‌ಗೆ ಬೌದ್ಧಧರ್ಮ ಒಯ್ದ ಗುರು ಪದ್ಮಸಂಭವ ಮತ್ತು ದೀರ್ಘಾಯುಸ್ಸಿನ ಬುದ್ಧನಾದ ಅಮಿತಾಯುಸ್. ಹೆಚ್ಚಿನವರು ಫೋಟೊ ತೆಗೆದುಕೊಂಡು ಹತ್ತೇ ನಿಮಿಷಕ್ಕೆ ಹೊರಬರುತ್ತಾರೆ. ನನಗೆ ಅದನ್ನು ನೋಡಿದರೆ ಸಂಕಟವಾಗುತ್ತದೆ. ಟಿಬೆಟ್‌ನಿಂದ ಊರು ಬಿಟ್ಟು ಬಂದ ಜನ 1960ರ ದಶಕದ ಆರಂಭದಲ್ಲಿ ಇಲ್ಲಿ ಕಾಡು ಕಡಿದು ಮುಸುಕಿನ ಜೋಳ ಬಿತ್ತಿದರು. 1963ರಲ್ಲಿ ಅವರ ಧರ್ಮಗುರು ಪೆನೋರ್ ರಿನ್‌ಪೋಚೆಯವರು ಕಟ್ಟಿದ ಮೊದಲ ಗುಡಿ ಬಿದಿರಿನದು. ಈಗಿನ ಚಿನ್ನದ ಬಣ್ಣದ ಮಂದಿರ ತೆರೆದದ್ದು 1999ರಲ್ಲಿ. ಪ್ರಾರ್ಥನೆ ನಡೆಯುತ್ತಿದ್ದರೆ ತಾಯಿಯವರನ್ನು ಗೋಡೆಯ ಪಕ್ಕ ಕೂರಿಸಿ, ನೀವೂ ಕುಳಿತುಕೊಳ್ಳಿ. ಭಿಕ್ಷುಗಳ ಮುಂದಿರುವ ಗ್ರಂಥಕ್ಕೆ ಹೊಲಿಗೆಯಿಲ್ಲ, ನಮ್ಮ ಓಲೆಗರಿಯ ಕಟ್ಟಿನಂತೆ ಉದ್ದುದ್ದ ಬಿಡಿ ಹಾಳೆಗಳು. ಹತ್ತು ಹನ್ನೆರಡು ವರ್ಷದ ಹುಡುಗನೊಬ್ಬ ಓದುತ್ತಲೇ ಒಂದೊಂದು ಹಾಳೆಯನ್ನು ಎರಡೂ ಕೈಯಿಂದ ಎತ್ತಿ ಮಗುಚಿ ಇಡುತ್ತಿದ್ದುದು ಇನ್ನೂ ನನ್ನ ಕಣ್ಣಲ್ಲಿದೆ. ಉದ್ದನೆಯ ಕಹಳೆ ಮೊಳಗಿದಾಗ ಸದ್ದು ಕಿವಿಗಿಂತ ಮೊದಲು ಎದೆಗೆ ತಾಗುತ್ತದೆ. ಪ್ರಾರ್ಥನಾ ಚಕ್ರಗಳನ್ನು ತಿರುಗಿಸುವಾಗ ನಮ್ಮ ಪ್ರದಕ್ಷಿಣೆಯಂತೆಯೇ ಬಲಕ್ಕೆ ಸುತ್ತಿ.

ಇನ್ನು ಅಂಗಡಿಗಳು. ಸ್ವೆಟರ್, ಮಣಿಸರ, ಬಟ್ಟಲುಗಳು ಬೇಕಾದಷ್ಟಿವೆ. ಬಟ್ಟೆಯ ಮೇಲಿನ ಬೌದ್ಧ ಚಿತ್ರವಾದ ಥಂಕಾ ಕೊಳ್ಳುವುದಾದರೆ ಕೈಯಿಂದ ಬರೆದದ್ದೋ ಅಚ್ಚು ಹಾಕಿದ್ದೋ ಎಂದು ಕೇಳಿಯೇ ಕೊಳ್ಳಿ, ಬೆಲೆಯಲ್ಲಿ ಅಜಗಜಾಂತರವಿರುತ್ತದೆ. ಹಸಿವಾದರೆ ನೂಡಲ್ಸ್ ಹಾಕಿದ ಬಿಸಿ ಸೂಪು ತುಕ್ಪಾ ಕುಡಿಯಿರಿ. ತಾಯಿಯವರು ಸಸ್ಯಾಹಾರಿಯಾಗಿದ್ದರೆ ಮೊದಲೇ ಹೇಳಿ.

ನಾನು ಪ್ರತಿಸಲ ತರುವುದು ಟಿಬೆಟನ್ ಧೂಪದ ಕಡ್ಡಿ. ಊದುಬತ್ತಿಯ ಊರಿನವಳಾದ ನನಗೆ ಅದರ ಮೇಲೆ ವಿಶೇಷ ಪ್ರೀತಿ. ನಮ್ಮದರಲ್ಲಿ ಬಿದಿರಿನ ಕಡ್ಡಿ ಇರುತ್ತದೆ, ಅದರಲ್ಲಿ ಇಲ್ಲ. ಪೂರ್ತಿ ಗಿಡಮೂಲಿಕೆಯ ಹಿಟ್ಟೇ. ಮೊದಲ ಸಲ ಮನೆಯ ಊದುಬತ್ತಿ ಸ್ಟ್ಯಾಂಡಿಗೆ ಚುಚ್ಚಲು ಹೋಗಿ ಎರಡು ಮುರಿದೆ. ಮುಂದಿನ ಸಲ ಹೋದಾಗ ಅಂಗಡಿಯ ಅಜ್ಜಿ ಅಚ್ಚಗನ್ನಡದಲ್ಲಿ, “ಚುಚ್ಚಬೇಡ ಮಗಳೇ, ಬೂದಿಯ ಮೇಲೆ ಮಲಗಿಸು” ಎಂದರು. ಈಗ ಹಳೆಯ ಹಿತ್ತಾಳೆ ಬಟ್ಟಲಿಗೆ ಬೂದಿ ತುಂಬಿ ಹಾಗೆಯೇ ಹಚ್ಚುತ್ತೇನೆ. ತಾಯಿಯವರಿಗೂ ಒಂದು ಕಟ್ಟು ಕೊಡಿಸಿ.